ಡಿಸ್ಕ್ ಹಿಡಿಯದವರ ಪಾರ್ಕ್

ಹೊಸ ಡಿಸ್ಕ್ ಗಾಲ್ಫ್ ಕೋರ್ಸ್‌ಗೆ ಹೋದರೆ ನಾನು ಕೂಡಲೇ ಆಡಲು ಶುರು ಮಾಡುವುದಿಲ್ಲ. ಡಿಸ್ಕ್‌ಗಳ ಚೀಲವನ್ನು ಕಾರಿನಲ್ಲೇ ಬಿಟ್ಟು, ಮೊದಲ ಟೀಯಿಂದ ಕೊನೆಯ ಬಾಸ್ಕೆಟ್‌ವರೆಗೆ ಸುಮ್ನೆ ಒಂದು ಸುತ್ತು ನಡೆಯುತ್ತೇನೆ. ಜೊತೆಗೆ ಬಂದ ಗೆಳೆಯರಿಗೆ ಬೇಜಾರಾಗುತ್ತದೆ. ಆಡ್ತಾ ಆಡ್ತಾ ನೋಡಬಹುದಲ್ಲ ಅನ್ನುತ್ತಾರೆ. ಆದರೆ ಆಡುವಾಗ ಕಣ್ಣೆಲ್ಲ ಬಾಸ್ಕೆಟ್ ಮೇಲೇ ಇರುತ್ತದೆ. ನಾನು ನೋಡಬೇಕಾಗಿರುವುದು ಡಿಸ್ಕ್ ಇಲ್ಲದೆ ಆ ಪಾರ್ಕಿಗೆ ಬಂದವರನ್ನು. ನಾಯಿ ಕರೆದುಕೊಂಡು ಬಂದವರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಬಂದವರು, ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮಾತಾಡುವವರು. ಅವರು ಎಲ್ಲಿ ನಡೆಯುತ್ತಾರೆ? ಎಲ್ಲಿ ಹೆಜ್ಜೆ ಚುರುಕಾಗುತ್ತದೆ? ಎಲ್ಲಿ ನಿಂತು ಹಿಂದೆ ತಿರುಗಿ ನೋಡುತ್ತಾರೆ? ಊರಿನ ಜಾಗದಲ್ಲಿ ಮಾಡಿದ ಕೋರ್ಸ್ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ಮೊದಲ ಉತ್ತರ ಅವರ ನಡಿಗೆಯಲ್ಲಿ ಸಿಗುತ್ತದೆ. ಎಷ್ಟು ಉದ್ದ, ಎಷ್ಟು ಕಷ್ಟ, ಎಷ್ಟು ಸುಂದರ ಅನ್ನುವುದೆಲ್ಲ ಆಮೇಲಿನ ಮಾತು.

ಈ ಆಟ ನೋಡಿರದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಾಲ್ಫ್‌ನಲ್ಲಿ ಚೆಂಡು ಮತ್ತು ಕೋಲು ಇದ್ದರೆ ಇಲ್ಲಿ ಕೈಯಿಂದ ಎಸೆಯುವ ಪ್ಲಾಸ್ಟಿಕ್ ಡಿಸ್ಕ್. ಟೀ ಅನ್ನುವ ಜಾಗದಿಂದ ಮೊದಲ ಎಸೆತ. ಡಿಸ್ಕ್ ಬಿದ್ದ ಕಡೆಯಿಂದ ಮುಂದಿನ ಎಸೆತ. ಕೊನೆಗೆ ಒಂದು ಕಂಬ, ಅದರ ಮೇಲಿಂದ ಇಳಿಬಿದ್ದ ಸರಪಳಿಗಳು, ಕೆಳಗೆ ಕಬ್ಬಿಣದ ಬುಟ್ಟಿ. ಡಿಸ್ಕ್ ಸರಪಳಿಗೆ ಬಡಿದು ಬುಟ್ಟಿಯಲ್ಲಿ ನಿಂತರೆ ಆ ಹೋಲ್, ಅಂದರೆ ಟೀಯಿಂದ ಬುಟ್ಟಿಯವರೆಗಿನ ಒಂದು ಹಂತ, ಮುಗಿಯಿತು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಅಮೆರಿಕದಲ್ಲಿ ಹೆಚ್ಚಿನ ಕೋರ್ಸ್‌ಗಳು ಊರಿನ ಅಥವಾ ಕೌಂಟಿಯ ಪಾರ್ಕುಗಳಲ್ಲಿವೆ. ಬಹುಪಾಲು ಕಡೆ ಆಡಲು ದುಡ್ಡು ಕೊಡಬೇಕಿಲ್ಲ, ಕಾವಲಿನವರಿಲ್ಲ, ಬೇಲಿಯೂ ಇಲ್ಲ. ಈ ಆಟವನ್ನು ನಾನು ಪ್ರೀತಿಸಲು ಇದೇ ದೊಡ್ಡ ಕಾರಣ. ಇದರ ವಿನ್ಯಾಸವನ್ನು ಇಷ್ಟು ಗಂಭೀರವಾಗಿ ನೋಡಬೇಕು ಅನ್ನಿಸುವುದೂ ಇದೇ ಕಾರಣಕ್ಕೆ. ಬೇಲಿ ಇಲ್ಲದ ಜಾಗದಲ್ಲಿ ಎಲ್ಲರೂ ಇರುತ್ತಾರಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನನಗೆ ಈ ಆಟ ಹುಟ್ಟಿದ ಜಾಗವನ್ನೇ ನೋಡುವ ಭಾಗ್ಯ ಸಿಕ್ಕಿದೆ. ಲಾಸ್ ಏಂಜಲೀಸ್ ಹತ್ತಿರ, ಪ್ಯಾಸಡೀನಾದ ಅಂಚಿನಲ್ಲಿ, ಓಕ್ ಗ್ರೋವ್ ಅನ್ನುವ ಕೋರ್ಸ್ ಇದೆ. ಈಗ ಆ ಪಾರ್ಕಿನ ಹೆಸರು ಹಹಮೊಂಗ್ನಾ. ಪಕ್ಕದಲ್ಲೇ ನಾಸಾದ ಪ್ರಯೋಗಾಲಯ ಜೆಪಿಎಲ್. ಕೆಳಗೆ ಅರೋಯೋ ಸೆಕೋ ಹಳ್ಳ, ಆ ಹಳ್ಳಕ್ಕೆ 1920ರಲ್ಲಿ ಕಟ್ಟಿದ ಡೆವಿಲ್ಸ್ ಗೇಟ್ ಅಣೆಕಟ್ಟು. 1975ರಲ್ಲಿ ಇಲ್ಲಿ ಹಾಕಿದ ಕೋರ್ಸೇ ಜಗತ್ತಿನ ಮೊದಲ ಕಾಯಂ ಡಿಸ್ಕ್ ಗಾಲ್ಫ್ ಕೋರ್ಸ್ ಅನ್ನುತ್ತಾರೆ. ಹಾಕಿದವರು ಎಡ್ ಹೆಡ್ರಿಕ್. ವ್ಯಾಮ್-ಓ ಅನ್ನುವ ಆಟಿಕೆ ಕಂಪನಿಯಲ್ಲಿದ್ದಾಗ ಫ್ರಿಸ್‌ಬೀಯನ್ನು ತಿದ್ದಿ, ನೇರವಾಗಿ ಹಾರುವ ವಸ್ತುವಾಗಿ ಮಾಡಿದ್ದು ಅವರೇ. 1976ರಲ್ಲಿ ಆಟಗಾರರ ಸಂಘವಾದ ಪಿಡಿಜಿಎ ಶುರು ಮಾಡಿದವರೂ ಅವರೇ. 2002ರಲ್ಲಿ ತೀರಿಕೊಂಡಾಗ ಅವರ ಇಷ್ಟದಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನಲ್ಲಿ ಬೆರೆಸಿ ಡಿಸ್ಕ್‌ಗಳನ್ನು ಮಾಡಿದರು. ಇದನ್ನು ಕೇಳಿದಾಗ ನಮ್ಮಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರವರ ಗಂಗೆ ಅವರವರಿಗೆ" ಅಂದರು.

ಓಕ್ ಗ್ರೋವ್‌ನಲ್ಲಿ ಮೊದಲು ಬಾಸ್ಕೆಟ್ ಇರಲಿಲ್ಲ. ಬರೀ ಕಂಬಗಳಿದ್ದವು. ಡಿಸ್ಕ್ ಕಂಬಕ್ಕೆ ತಾಗಿದರೆ ಆಯಿತು. ತಾಗಿತೋ ಇಲ್ಲವೋ ಅನ್ನುವ ಜಗಳಕ್ಕೆ ಕೊನೆಯಿಲ್ಲ ಅನ್ನುವುದನ್ನು ಯಾರಾದರೂ ಊಹಿಸಬಹುದು. ಆಮೇಲೆ ಹೆಡ್ರಿಕ್ ಸರಪಳಿ ಬುಟ್ಟಿ ಮಾಡಿದರು. 1977ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆಗ ಹಾರುತ್ತಿದ್ದದ್ದು ದುಂಡು ಅಂಚಿನ, ಅಗಲದ ಫ್ರಿಸ್‌ಬೀಗಳು. ಮರಗಳ ನಡುವಿನ ಅಂತರ, ನಡೆಯುವ ದಾರಿ ಎಷ್ಟು ದೂರ ಇರಬೇಕು ಅನ್ನುವುದೆಲ್ಲ ಆ ಫ್ರಿಸ್‌ಬೀಗಳ ಲೆಕ್ಕಕ್ಕೆ ಸರಿಹೊಂದುವಂಥದ್ದು. 1983ರಲ್ಲಿ ಇನ್ನೋವಾ ಕಂಪನಿ ಚೂಪು ಅಂಚಿನ ಈಗಲ್ ಡಿಸ್ಕ್ ತಂದಿತು. ಗಾಳಿಯನ್ನು ಸೀಳಿಕೊಂಡು ಹೋಗುವ ಡಿಸ್ಕ್. ಅಲ್ಲಿಂದ ಎಸೆತದ ದೂರ ಬೆಳೆಯುತ್ತಾ ಹೋಯಿತು. 2016ರಲ್ಲಿ ನೆವಾಡಾದ ಮರುಭೂಮಿಯಲ್ಲಿ, ಜೋರು ಗಾಳಿಯ ಸಹಾಯದಿಂದ, ಡೇವಿಡ್ ವಿಗ್ಗಿನ್ಸ್ ಜೂನಿಯರ್ 338 ಮೀಟರ್, ಅಂದರೆ 1,100 ಅಡಿಗೂ ಹೆಚ್ಚು, ಎಸೆದರು. ಅದು ದಾಖಲೆಗಾಗಿ ಎಸೆದದ್ದು, ಬಿಡಿ. ಆದರೆ ಪಾರ್ಕಿಗೆ ಬರುವ ಒಬ್ಬ ಗಟ್ಟಿ ಹುಡುಗ ಈಗ ಸಲೀಸಾಗಿ 300 ಅಡಿ ದಾಟಿಸುತ್ತಾನೆ.

ಡಿಸ್ಕ್ ಬದಲಾಯಿತು, ಬುಟ್ಟಿ ಬದಲಾಯಿತು. ಓಕ್ ಮರಗಳೂ ದಾರಿಗಳೂ ಇದ್ದಲ್ಲೇ ಇವೆ. ಹಳೆಯ ಸಾರ್ವಜನಿಕ ಕೋರ್ಸ್‌ಗಳನ್ನು ಅಳೆಯುವಾಗ ಇದನ್ನು ಮರೆಯಬಾರದು. ಐವತ್ತು ವರ್ಷದ ಹಿಂದೆ ಸಾಕಷ್ಟು ದೂರ ಅನ್ನಿಸಿದ ಬೆಂಚು ಇವತ್ತು ಹತ್ತಿರವಾಗಿದೆ.

ಅಮ್ಮ ಊರಿಂದ ಬಂದಾಗ ಅವರನ್ನು ಅಲ್ಲಿಗೆ ವಾಕಿಂಗ್‌ಗೆ ಕರೆದುಕೊಂಡು ಹೋಗಿದ್ದೆ. ನೆರಳಿದೆ, ನೆಲ ಹೆಚ್ಚು ಏರುಪೇರಿಲ್ಲ, ಕುದುರೆ ಸವಾರರು ಹೋಗುವುದನ್ನು ನೋಡಬಹುದು ಅನ್ನುವುದು ನನ್ನ ಲೆಕ್ಕ. ಅವರು ಆಟವನ್ನು ಐದು ನಿಮಿಷ ನೋಡಿದರು. ಆಮೇಲೆ ಪ್ರತಿ ತಿರುವಿನಲ್ಲೂ ಅದೇ ಪ್ರಶ್ನೆ. "ಅಲ್ವೋ, ಈಗ ನಾವು ಇಲ್ಲಿ ಹೋಗ್ತಿರೋದು ಆ ತಟ್ಟೆ ಎಸೆಯೋರಿಗೆ ಕಾಣತ್ತಾ?" ಇಷ್ಟು ಒಳ್ಳೆಯ ಪರೀಕ್ಷೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವತ್ತಿಂದ ಪ್ರತಿ ಟೀಯಲ್ಲೂ ನಿಂತು ನಾನು ಕೇಳಿಕೊಳ್ಳುವುದು ಅದನ್ನೇ. ಇಲ್ಲಿಂದ ದಾರಿ ಕಾಣುತ್ತದಾ? ದಾರಿಯಲ್ಲಿ ನಡೆಯುವವರಿಗೆ ಈ ಟೀ ಕಾಣುತ್ತದಾ? ಎರಡೂ ಬೇಕು. ಆಟದ ನಿಯಮದಲ್ಲೂ ಜನ ಅಪಾಯದಲ್ಲಿರುವಾಗ ಎಸೆಯಬಾರದು ಅಂತಿದೆ. ಆದರೆ ಗುಡ್ಡದ ತಿರುವಿನ ಹಿಂದೆ ಯಾರಿದ್ದಾರೆ ಅಂತ ಕಾಣದೇ ಇದ್ದರೆ ಒಳ್ಳೆಯ ಆಟಗಾರನೂ ಏನು ಮಾಡಿಯಾನು? ಡಿಸ್ಕ್ ಬರುತ್ತಿದೆ, ಹುಷಾರು ಅನ್ನುವುದಕ್ಕೆ ಗಾಲ್ಫ್‌ನವರ ಹಾಗೆ "ಫೋರ್!" ಅಂತ ಕೂಗುತ್ತಾರೆ. ಅಮ್ಮನಿಗೆ ಫೋರ್ ಅಂದರೆ ನಾಲ್ಕು.

ಎಸೆತ ತಪ್ಪಿದರೆ ಡಿಸ್ಕ್ ಯಾವ ಕಡೆಗೆ ಹೋಗುತ್ತದೆ ಅನ್ನುವುದಕ್ಕೂ ಒಂದು ಲೆಕ್ಕವಿದೆ. ಕೋರ್ಸ್ ಅಳೆಯುವವರಿಗೆ ಅದು ಗೊತ್ತಿರಲೇಬೇಕು. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ, ಅಂದರೆ ತೋಳನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿದರೆ, ಮೇಲಿಂದ ನೋಡಿದಾಗ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ವೇಗ ಇರುವಷ್ಟು ಹೊತ್ತು ನೇರ, ಇಲ್ಲವೇ ತುಸು ಬಲಕ್ಕೆ. ವೇಗ ಇಳಿದಂತೆ ಎಡಕ್ಕೆ ವಾಲಿಕೊಂಡು ನೆಲ ಸೇರುತ್ತದೆ. ಗಾಳಿ ಡಿಸ್ಕಿನ ಮೂಗನ್ನು ಮೇಲೆತ್ತಲು ನೋಡುತ್ತದೆ. ಸುತ್ತುತ್ತಿರುವ ವಸ್ತುವಾದ್ದರಿಂದ ಆ ತಳ್ಳಾಟ ಮೂಗೆತ್ತುವ ಬದಲು ಪಕ್ಕಕ್ಕೆ ವಾಲಿಸುತ್ತದೆ. ಹಾಗಾಗಿ ಹೆಚ್ಚಿನ ಡಿಸ್ಕ್‌ಗಳು ಬೀಳುವುದು ಫೇರ್‌ವೇಯ, ಅಂದರೆ ಟೀಯಿಂದ ಬುಟ್ಟಿಯವರೆಗಿನ ಎಸೆತದ ಹಾದಿಯ, ಎಡಬದಿಯಲ್ಲಿ. ವಿನ್ಯಾಸ ಮಾಡುವವರಿಗೆ ಇದು ಗೊತ್ತು. ಎಡಗಡೆ ಜಾಗ ಬಿಡುತ್ತಾರೆ.

ಬಲಗಡೆ ಅಷ್ಟು ಗಮನ ಹೋಗುವುದಿಲ್ಲ. ಹೊಸಬರಲ್ಲಿ ಡಿಸ್ಕನ್ನು ಕೈಯಿಂದ ಬಿಡುವುದು ತಡವಾಗುವುದು ತೀರಾ ಸಾಮಾನ್ಯ. ಬೆರಳು ಕಚ್ಚಿಕೊಂಡು ಒಂದು ಕ್ಷಣ ತಡವಾದರೆ ಡಿಸ್ಕ್ ಬಲಕ್ಕೆ ಹಾರುತ್ತದೆ. ಎಡಕ್ಕೆ ಇಳಿಯುವ ಡಿಸ್ಕ್ ಅಷ್ಟು ಹೊತ್ತಿಗೆ ಸುಸ್ತಾಗಿರುತ್ತದೆ. ಬಲಕ್ಕೆ ತಪ್ಪಿದ ಡಿಸ್ಕ್‌ನಲ್ಲಿ ಪೂರ್ತಿ ಬಲವಿರುತ್ತದೆ, ಅದೂ ತಲೆಯ ಎತ್ತರದಲ್ಲಿ. 170 ಗ್ರಾಂ ತೂಕದ ಚೂಪು ಅಂಚಿನ ಪ್ಲಾಸ್ಟಿಕ್ ಹಾಗೆ ಬಂದು ಬಡಿದರೆ ಹುಡುಗಾಟವಲ್ಲ. ಟೀಯ ಬಲಕ್ಕೆ, ಹತ್ತಿರದಲ್ಲೇ, ವಾಕಿಂಗ್ ದಾರಿ ಅಥವಾ ಮಕ್ಕಳ ಜಾರುಬಂಡೆ ಇದ್ದರೆ ಆ ಹೋಲ್ ಎಷ್ಟೇ ಚೆಂದವಿರಲಿ, ನನ್ನ ಮಟ್ಟಿಗೆ ಅದು ನಪಾಸು. ಎಡಗೈಯವರಿಗೆ ಇದೆಲ್ಲ ಉಲ್ಟಾ. ಹಾಗಾಗಿ ಎರಡೂ ಬದಿಗೆ ಜಾಗ ಬಿಡುವುದು ಒಂದೇ ಸರಿಯಾದ ದಾರಿ.

ಇನ್ನು ಆಡುವವರ ಕಡೆಯಿಂದ ನೋಡೋಣ. ಇಲ್ಲೂ ಅದೇ ಎಡ-ಬಲದ ವಿಷಯ ಮತ್ತೆ ಬರುತ್ತದೆ. ಹೆಚ್ಚಿನವರು ಬಲಗೈಯವರು, ಹೆಚ್ಚಿನವರದ್ದು ಬ್ಯಾಕ್‌ಹ್ಯಾಂಡ್. ಹದಿನೆಂಟು ಹೋಲ್‌ಗಳಲ್ಲಿ ಹದಿಮೂರು ಎಡಕ್ಕೆ ತಿರುಗಿದರೆ ಅಂಥವರಿಗೆ ಹಬ್ಬ. ಒಂದೇ ಎಸೆತವನ್ನು ಮತ್ತೆ ಮತ್ತೆ ಎಸೆದು ಮನೆಗೆ ಹೋಗಬಹುದು. ಎಡಗೈಯವರಿಗೂ, ಅಂಗೈ ಮುಂದೆ ಮಾಡಿ ಎಸೆಯುವ ಫೋರ್‌ಹ್ಯಾಂಡ್ ಕಲಿತವರಿಗೂ ಅಲ್ಲಿ ಅನ್ಯಾಯ. ಒಳ್ಳೆಯ ಕೋರ್ಸ್ ಎಡಕ್ಕೂ ತಿರುಗಬೇಕು, ಬಲಕ್ಕೂ ತಿರುಗಬೇಕು, ನೇರವಾಗಿಯೂ ಹೋಗಬೇಕು. ಎಲ್ಲೋ ಒಂದು ಕಡೆ ಮರದ ಕೊಂಬೆಯ ಕೆಳಗೆ ತಗ್ಗಿಸಿ ಎಸೆಯುವ ಹಾಗೆ ಮಾಡಬೇಕು. ಚೀಲದಲ್ಲಿರುವ ದೂರದ ಎಸೆತದ ಡ್ರೈವರ್, ಮಧ್ಯಮ ದೂರದ ಮಿಡ್‌ರೇಂಜ್, ಬುಟ್ಟಿಯ ಹತ್ತಿರದ ಪಟರ್ ಮೂರನ್ನೂ ಟೀಯಿಂದ ಬಳಸುವ ಅವಕಾಶ ಇರಬೇಕು. ನಾನು ನಡೆಯುವಾಗ ಚಿಕ್ಕ ಪುಸ್ತಕದಲ್ಲಿ ಪ್ರತಿ ಹೋಲ್‌ಗೆ ಒಂದು ಬಾಣದ ಗುರುತು ಹಾಕುತ್ತೇನೆ. ಸುತ್ತು ಮುಗಿಯುವ ಹೊತ್ತಿಗೆ ಬಾಣಗಳೆಲ್ಲ ಒಂದೇ ಕಡೆ ವಾಲಿವೆಯಾ ಅಂತ ಗೊತ್ತಾಗಿಬಿಡುತ್ತದೆ.

ಕಾಡಿನ ನಡುವೆ ಹಾಕಿದ ಕೋರ್ಸ್‌ಗಳಲ್ಲಿ ನನ್ನ ತಕರಾರು ಬೇರೆ. ಮರಗಳಿದ್ದರೆ ಆಟ ಕಳೆಗಟ್ಟುತ್ತದೆ, ನಿಜ. ಆದರೆ ಟೀಯ ಮುಂದೆ ಮೂವತ್ತು ಮರಗಳು ಅಡ್ಡಾದಿಡ್ಡಿ ನಿಂತಿದ್ದು, ಯಾವ ಸಂದೂ ಸರಿಯಾದ ಸಂದು ಅಲ್ಲ ಅಂತಾದರೆ? ಕಣ್ಣು ಮುಚ್ಚಿ ಜೋರಾಗಿ ಎಸೆದವನ ಡಿಸ್ಕ್ ಹೇಗೋ ನುಸುಳಿಕೊಂಡು ಹೋಗುತ್ತದೆ. ಯೋಚಿಸಿ ಎಸೆದವನದ್ದು ಮೊದಲ ಮರಕ್ಕೇ ಬಡಿಯುತ್ತದೆ. ಇಂಥದ್ದಕ್ಕೆ ಆಟಗಾರರು ಪೋಕ್ ಅಂಡ್ ಹೋಪ್, ಅಂದರೆ ಎಸೆದು ಅದೃಷ್ಟಕ್ಕೆ ಬಿಡುವುದು, ಅನ್ನುತ್ತಾರೆ. ಅಲ್ಲಿ ಕಲಿಯಲು ಏನೂ ಇಲ್ಲ. ಎಸೆತ ತಪ್ಪಿದಾಗ ಯಾಕೆ ತಪ್ಪಿತು ಅಂತ ಆಟಗಾರನಿಗೆ ತಿಳಿಯಬೇಕು. ನಾನು ಹೆಚ್ಚು ಎತ್ತರಕ್ಕೆ ಎಸೆದೆ, ಬೇಗ ಬಿಟ್ಟೆ, ಈ ಜಾಗಕ್ಕೆ ಈ ಡಿಸ್ಕ್ ಬೇಡವಾಗಿತ್ತು, ಹೀಗೆ ಏನಾದರೊಂದು. ಒಂದು ಹೋಲ್ ಹಾಗೆ ಮಾತಾಡಿದರೆ ಮುಂದಿನ ವಾರ ಅದನ್ನು ಇನ್ನೊಂದು ಥರ ಆಡಿ ನೋಡಬೇಕು ಅನ್ನಿಸುತ್ತದೆ. ಮಾತಾಡದ ಹೋಲ್ ಮುಂದೆ ಭುಜ ಕುಣಿಸಿ ಮುಂದಕ್ಕೆ ಹೋಗುತ್ತೇವೆ ಅಷ್ಟೆ.

ವಿನ್ಯಾಸಕಾರರು ಇದನ್ನು ಅಂಕಿಗಳಲ್ಲಿ ನೋಡುತ್ತಾರೆ. ಹೆಚ್ಚುಕಡಿಮೆ ಒಂದೇ ಮಟ್ಟದ ಆಟಗಾರರು ಒಂದು ಹೋಲ್ ಆಡಿದಾಗ ಯಾರಿಗೆ ಎಷ್ಟು ಎಸೆತ ಬಂತು ಅಂತ ಪಟ್ಟಿ ಮಾಡುತ್ತಾರೆ. ಎಲ್ಲರಿಗೂ 3 ಬಂದರೆ ಆ ಹೋಲ್ ಯಾವ ಪ್ರಶ್ನೆಯನ್ನೂ ಕೇಳಿಲ್ಲ. ಕೆಲವರಿಗೆ 2, ಬಹಳ ಜನಕ್ಕೆ 3, ಮತ್ತೆ ಕೆಲವರಿಗೆ 4 ಬಂದು, ಚೆನ್ನಾಗಿ ಎಸೆದವರೇ 2ರಲ್ಲಿ ಇದ್ದರೆ ಅದು ಕೆಲಸ ಮಾಡುವ ಹೋಲ್. ಇಲ್ಲಿ ಎರಡನೆಯ ಭಾಗ ಮುಖ್ಯ. ಹರಡಿಕೊಂಡ ಅಂಕಿಗಳು ಅದೃಷ್ಟದಿಂದಲೂ ಬರಬಹುದು. ಅದನ್ನು ಪಟ್ಟಿ ಹೇಳುವುದಿಲ್ಲ. ಟೀ ಹತ್ತಿರ ನಿಂತು ಒಂದು ಗಂಟೆ ನೋಡಿದರೆ ಗೊತ್ತಾಗುತ್ತದೆ.

ಉದ್ದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಲ್ ಉದ್ದ ಮಾಡುವುದು ಅತಿ ಸುಲಭದ ಕೆಲಸ. ಬಾಸ್ಕೆಟ್ ಕಿತ್ತು ಹಿಂದಕ್ಕೆ ನೆಟ್ಟರೆ ಆಯಿತು. 250 ಅಡಿಯ ಹೋಲ್‌ನಲ್ಲಿ ಒಂದು ಮರ, ಒಂದು ಇಳಿಜಾರು ಸರಿಯಾದ ಜಾಗದಲ್ಲಿದ್ದರೆ ಸಿಗುವ ಸುಖ, ಬೋಳು ಹುಲ್ಲಿನ ಮೇಲಿನ 500 ಅಡಿಯಲ್ಲಿ ಸಿಗುವುದಿಲ್ಲ. ವಾರಾಂತ್ಯಕ್ಕೆ ಆಡುವ ನಮ್ಮಂಥವರ ಎಸೆತ 200ರಿಂದ 250 ಅಡಿ. ನಮಗೆ ಆ 500 ಅಡಿ ಅಂದರೆ ಒಂದೇ ಥರದ ಎರಡು ಎಸೆತ, ಮಧ್ಯೆ ಬರೀ ನಡಿಗೆ. ಸೌತ್ ಕ್ಯಾರೊಲಿನಾದ ವಿಂತ್ರಾಪ್ ವಿಶ್ವವಿದ್ಯಾಲಯದಲ್ಲಿ 1999ರಿಂದ ಅಮೆರಿಕದ ದೊಡ್ಡ ಪಂದ್ಯ ನಡೆಯುತ್ತದೆ. ಬಯಲು ಜಾಗವಾದ್ದರಿಂದ ಅಲ್ಲಿ ಹಗ್ಗ ಎಳೆದು ಗಡಿ ಹಾಕುತ್ತಾರೆ, ಹಗ್ಗ ದಾಟಿದರೆ ದಂಡ. ಪಂದ್ಯಕ್ಕೆ ಅದು ಸೊಗಸು. ದಿನವೂ ಜನ ಓಡಾಡುವ ಊರ ಪಾರ್ಕಿನಲ್ಲಿ ವರ್ಷವಿಡೀ ಹಗ್ಗ ಕಟ್ಟಿಡಲು ಆಗುವುದಿಲ್ಲ. ಅಲ್ಲಿ ನೆಲವೇ ಆ ಕೆಲಸ ಮಾಡಬೇಕು.

ನೆಲ ಕೆಲಸ ಮಾಡುವುದು ಅಂದರೆ ಏನು ಅಂತ ನೋಡಬೇಕಿದ್ದರೆ ಸಾಂತಾ ಕ್ರೂಜ್‌ನ ಡಿಲವಿಯಾಗಾಕ್ಕೆ ಹೋಗಬೇಕು. 1984ರಲ್ಲಿ ಶುರುವಾದ ಕೋರ್ಸ್. ರೂಪಿಸಿದವರು ಟಾಮ್ ಷಾಟ್. ಗುಡ್ಡ, ಕಣಿವೆ, ಓಕ್, ನೀಲಗಿರಿ ಮರಗಳು. ಬೇಸಿಗೆಯ ಬೆಳಿಗ್ಗೆ ಸಮುದ್ರದ ಕಡೆಯಿಂದ ಮಂಜು. ಇಲ್ಲಿನ ಇಪ್ಪತ್ತೇಳನೆಯ ಹೋಲ್‌ಗೆ ಟಾಪ್ ಆಫ್ ದ ವರ್ಲ್ಡ್ ಅನ್ನುವ ಹೆಸರು. ಗುಡ್ಡದ ನೆತ್ತಿಯ ಮೇಲೆ ಟೀ. ಮಂಜು ಇಲ್ಲದ ದಿನ ಅಲ್ಲಿಂದ ಮಾಂಟೆರೆ ಕೊಲ್ಲಿ ಕಾಣುತ್ತದೆ. ಬಾಸ್ಕೆಟ್ ನೂರೈವತ್ತು ಮೀಟರಿಗೂ ದೂರ, ಬಹಳ ಕೆಳಗೆ. ಡಿಸ್ಕ್ ಕೈಬಿಟ್ಟ ಮೇಲೆ ಅದು ಇಳಿಯುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು ಗಾಳಿಯಲ್ಲಿರುತ್ತದೆ. ಜಗತ್ತಿನ ಪ್ರಸಿದ್ಧ ಹೋಲ್‌ಗಳಲ್ಲಿ ಒಂದು ಅಂತ ಇದನ್ನು ಎಲ್ಲರೂ ಹೊಗಳುತ್ತಾರೆ. ನಾನೂ ಹೊಗಳುತ್ತೇನೆ, ಆದರೆ ಅದು ನೋಟಕ್ಕಾಗಿ ಅಲ್ಲ. ಇಳಿಜಾರಿನಲ್ಲಿ ಡಿಸ್ಕ್ ಹೆಚ್ಚು ಹೊತ್ತು ಹಾರುವುದರಿಂದ ಕೈಬಿಡುವಾಗ ಆದ ಚಿಕ್ಕ ತಪ್ಪು ಕೆಳಗೆ ಹೋಗುವಷ್ಟರಲ್ಲಿ ದೊಡ್ಡದಾಗಿ ಕಾಣುತ್ತದೆ. ಎಸೆದವನು ಮೇಲೆ ನಿಂತು ಅದನ್ನು ಮೊದಲಿಂದ ಕೊನೆಯವರೆಗೂ ನೋಡುತ್ತಾನೆ. ನಾನು ಹೇಳಿದ ಮಾತಾಡುವ ಹೋಲ್ ಅಂದರೆ ಇದೇ. ಹತ್ತು ವರ್ಷದ ಹುಡುಗಿಗೂ ಇಲ್ಲಿ ತನ್ನ ಬದುಕಿನ ಅತಿ ಉದ್ದದ ಎಸೆತ ಸಿಗುತ್ತದೆ, ದೊಡ್ಡ ಆಟಗಾರನಿಗೂ ಕಷ್ಟದ ಲೆಕ್ಕ ಸಿಗುತ್ತದೆ. ಇಬ್ಬರೂ ಒಂದೇ ಟೀಯಲ್ಲಿ ನಿಂತು ಖುಷಿಪಡುವುದು ಅಪರೂಪ.

ಅದೇ ಕೋರ್ಸ್‌ನಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಗುಡ್ಡದ ಕೋರ್ಸ್‌ಗಳಲ್ಲೆಲ್ಲ ಇರುವ ಸಮಸ್ಯೆ ಇದು. ಬಾಸ್ಕೆಟ್ ಕಡಿದಾದ ಇಳಿಜಾರಿನಲ್ಲಿದ್ದರೆ, ಇಪ್ಪತ್ತು ಅಡಿಯಿಂದ ಪಟ್ ಮಾಡಿ, ಅಂದರೆ ಬುಟ್ಟಿಗೇ ಗುರಿಯಿಟ್ಟು ಎಸೆದು, ತಪ್ಪಿದ ಡಿಸ್ಕ್ ಅಂಚಿನ ಮೇಲೆ ನಿಂತು ಚಕ್ರದ ಹಾಗೆ ಉರುಳುತ್ತದೆ. ನಿಲ್ಲುವುದು ಅರವತ್ತು ಅಡಿ ಕೆಳಗೆ. ಗೆರೆಯಷ್ಟು ತಪ್ಪಿಗೆ ಎರಡು ಎಸೆತದ ದಂಡ. ಅಂಥ ಹೋಲ್ ಒಂದೋ ಎರಡೋ ಇದ್ದರೆ ಎದೆ ಡವಡವ ಅನ್ನುತ್ತದೆ, ಆಟಕ್ಕೆ ರುಚಿ ಬರುತ್ತದೆ. ಸಾಲಾಗಿ ಬಂದರೆ ಹೊಸಬರು ಅರ್ಧಕ್ಕೆ ಆಟ ಬಿಟ್ಟು ಹೋಗುತ್ತಾರೆ. ಬಾಸ್ಕೆಟ್ ಸುತ್ತ ಹತ್ತು ಮೀಟರಿನ ವೃತ್ತವನ್ನು ಪಟಿಂಗ್ ಜಾಗ ಅನ್ನುತ್ತಾರೆ. ಆ ವೃತ್ತದ ಒಂದು ಬದಿಯಾದರೂ ಸಮತಟ್ಟಾಗಿದ್ದರೆ, ಎರಡನೆಯ ಎಸೆತವನ್ನು ಅಲ್ಲಿ ಇಳಿಸಬೇಕು ಅಂತ ಯೋಚಿಸುವವನಿಗೆ ಫಲ ಸಿಗುತ್ತದೆ. ಎಲ್ಲಾ ಕಡೆಯೂ ಜಾರಿದರೆ ಯೋಚಿಸಿ ಪ್ರಯೋಜನವಿಲ್ಲ.

ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಇನ್ನೊಂದು ವಿಷಯ ನೋಡಲೇಬೇಕು. ಪಾಯಿಸನ್ ಓಕ್ ಅನ್ನುವ ಗಿಡ. ಮೂರು ಮೂರು ಎಲೆಗಳ ಗೊಂಚಲು, ತಾಗಿದರೆ ವಾರಗಟ್ಟಲೆ ತುರಿಕೆ. ಹೆಸರಿಗೆ ಓಕ್, ಆದರೆ ಅದು ಮಾವು-ಗೇರಿನ ಕುಟುಂಬದ ಗಿಡ. ಮಲೆನಾಡಿನಲ್ಲಿ ಕಾಡುಗೇರಿನ ಸೊನೆ ತಾಗಿ ಮೈ ಊದಿಸಿಕೊಂಡವರಿಗೆ ಇದರ ಮಹಿಮೆ ಬೇರೆ ಹೇಳಬೇಕಿಲ್ಲ. ತಪ್ಪಿದ ಡಿಸ್ಕ್‌ಗಳು ಜಾಸ್ತಿ ಬೀಳುವ ಎಡಬದಿಯಲ್ಲೇ ಈ ಪೊದೆ ಇದ್ದರೆ ಅಲ್ಲಿ ಆಡುವುದಕ್ಕಿಂತ ಹುಡುಕುವುದೇ ಹೆಚ್ಚಾಗುತ್ತದೆ. ಡಿಸ್ಕ್ ಹುಡುಕುವ ಹೊತ್ತು ಕೂಡ ಆಟದ ಗುಣವನ್ನು ಹೇಳುತ್ತದೆ. ಹಿಂದಿನ ತಂಡ ಕಾಯುತ್ತದೆ, ಅದರ ಹಿಂದಿನದ್ದೂ ಕಾಯುತ್ತದೆ. ಭಾನುವಾರ ಬೆಳಿಗ್ಗೆ ಟೀಯಲ್ಲಿ ಮೂರು ತಂಡ ನಿಂತಿದ್ದರೆ ಮುಂದೆ ಎಲ್ಲೋ ಪೊದೆ ಇದೆ ಅಂತಲೇ ಅರ್ಥ.

ಟೀಯ ನೆಲ, ಫಲಕ, ಮುಂದಿನ ಟೀಗೆ ದಾರಿ ತೋರಿಸುವ ಬಾಣ, ಕಸದ ಡಬ್ಬಿ ಇವನ್ನೆಲ್ಲ ಬೇಗ ನೋಡಿ ಮುಗಿಸುತ್ತೇನೆ. ಟೀಗೆ ಸಾಮಾನ್ಯವಾಗಿ ಐದಡಿ ಅಗಲ, ಹನ್ನೆರಡು ಅಡಿ ಉದ್ದದ ಕಾಂಕ್ರೀಟು ಹಾಕುತ್ತಾರೆ. ಮಳೆಯಲ್ಲಿ ಜಾರದಂತೆ ಒರಟಾಗಿರಬೇಕು. ಕಾಂಕ್ರೀಟಿನ ಮುಂದಿನ ತುದಿಯಲ್ಲಿ ಮಣ್ಣು ಕುಸಿದು ಮೆಟ್ಟಿಲಾಗಿದ್ದರೆ ಎಸೆದವರ ಮೊಣಕಾಲು ಹೋಯಿತು. ಇದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ, ಆದರೆ ಕೋರ್ಸನ್ನು ಯಾರಾದರೂ ಆಗಾಗ ಬಂದು ನೋಡಿಕೊಳ್ಳುತ್ತಾರಾ ಅನ್ನುವುದು ಅಲ್ಲಿ ಗೊತ್ತಾಗಿಬಿಡುತ್ತದೆ.

ಮರಗಳ ಹತ್ತಿರ ಮಾತ್ರ ಹೊತ್ತು ತೆಗೆದುಕೊಳ್ಳುತ್ತೇನೆ. ಡಿಸ್ಕ್ ಗಾಲ್ಫ್‌ಗೆ ಹುಲ್ಲುಹಾಸು ಬೇಡ, ನೀರು ಬೇಡ, ನೆಲ ಮಟ್ಟ ಮಾಡಬೇಕಿಲ್ಲ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಾತು ನಿಜ. ಚೆಂಡಿನ ಗಾಲ್ಫ್ ಜೊತೆ ಹೋಲಿಸಿದರೆ ಇದು ಬಹಳ ಹಗುರಾದ ಆಟ. ಆದರೆ ಹಗುರ ಅಂದರೆ ಭಾರವೇ ಇಲ್ಲ ಅಂತಲ್ಲ. ಟೀಯಿಂದ ಐವತ್ತು ಅಡಿಯೊಳಗೆ ನಿಂತ ಮರದ ತೊಗಟೆ ನೋಡಿ. ದಿನಕ್ಕೆ ಎಷ್ಟೋ ಏಟು, ಎಲ್ಲವೂ ಒಂದೇ ಎತ್ತರದಲ್ಲಿ. ತೊಗಟೆ ಹರಿದು ಒಳಗಿನ ಮರ ಕಾಣುತ್ತಿರುತ್ತದೆ. ಬಾಸ್ಕೆಟ್ ಸುತ್ತ ಎಲ್ಲರೂ ತುಳಿದು ತುಳಿದು ನೆಲ ಕಲ್ಲಾಗಿರುತ್ತದೆ, ಮಳೆ ನೀರು ಇಳಿಯದೆ ಮೇಲೇ ಹರಿದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಕ್ಯಾಲಿಫೋರ್ನಿಯಾದ ಹಳೆಯ ಓಕ್ ಮರಗಳಿಗೆ ಬೇರಿನ ಮೇಲಿನ ಮಣ್ಣು ಹೀಗೆ ಗಟ್ಟಿಯಾಗುವುದು ಆಗಿಬರುವುದಿಲ್ಲ.

ಮಾಡಬಹುದಾದ್ದೂ ಬೇಕಾದಷ್ಟಿದೆ. ಪ್ರತಿ ಹೋಲ್‌ಗೆ ಬಾಸ್ಕೆಟ್ ನೆಡಲು ಎರಡು ಮೂರು ಜಾಗ ಗುರುತು ಮಾಡಿ, ಕೆಲವು ತಿಂಗಳಿಗೊಮ್ಮೆ ಬದಲಿಸಿದರೆ ನೆಲಕ್ಕೆ ಬಿಡುವು ಸಿಗುತ್ತದೆ, ಆಟವೂ ಹೊಸದಾಗುತ್ತದೆ. ಮರದ ಚೂರುಗಳನ್ನು ದಪ್ಪಗೆ ಹರಡಿದರೆ ತುಳಿತ ತಡೆಯುತ್ತದೆ. ಟೀ ಹತ್ತಿರದ ಮರಕ್ಕೆ ಕೋಲುಗಳ ಕವಚ ಕಟ್ಟಬಹುದು. ಇವನ್ನೆಲ್ಲ ಮಾಡುವವರು ಹೆಚ್ಚಾಗಿ ಊರಿನ ಕ್ಲಬ್ಬಿನ ಸ್ವಯಂಸೇವಕರು. ಶನಿವಾರ ಬೆಳಿಗ್ಗೆ ಗುದ್ದಲಿ ಹಿಡಿದುಕೊಂಡು ಬರುತ್ತಾರೆ. ನೂರಾರು ವರ್ಷ ಬಾಳಿದ ಮರದ ನೆರಳಲ್ಲಿ ಪುಕ್ಕಟೆ ಆಡುವವರು ಅಷ್ಟು ಮಾಡಲೇಬೇಕು ಅಂತ ನನಗನ್ನಿಸುತ್ತದೆ. ಹಾಗಾಗಿ ಕೋರ್ಸಿನ ಅಳತೆ ಪಟ್ಟಿಯಲ್ಲಿ ನಾನು ಮರಗಳ ಆರೋಗ್ಯಕ್ಕೆ ನೋಟಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ.

ಈಗ ಫೋನಿನಲ್ಲಿ ಯೂಡಿಸ್ಕ್ ಅನ್ನುವ ಆ್ಯಪ್ ಇದೆ. ಜಗತ್ತಿನಾದ್ಯಂತ ಹದಿನೈದು ಸಾವಿರಕ್ಕೂ ಹೆಚ್ಚು ಕೋರ್ಸ್‌ಗಳು ಅದರಲ್ಲಿವೆ. ಆಡಿದವರು ಐದರಲ್ಲಿ ಇಷ್ಟು ಅಂತ ನಕ್ಷತ್ರ ಕೊಡುತ್ತಾರೆ. ನಾನೂ ನೋಡುತ್ತೇನೆ, ನಂಬುತ್ತೇನೆ ಕೂಡ. ಆದರೆ ನಕ್ಷತ್ರ ಕೊಡುವವರು ಯಾರು ಅನ್ನುವುದು ಮನಸ್ಸಿನಲ್ಲಿರಬೇಕು. ಆಟವನ್ನು ತುಂಬಾ ಹಚ್ಚಿಕೊಂಡವರು, ದೂರ ಎಸೆಯುವವರು, ಊರಿಂದೂರಿಗೆ ಹೋಗಿ ಆಡುವವರು. ಅವರಿಗೆ 200 ಅಡಿಯ ಹೋಲ್‌ಗಳು ಸಪ್ಪೆ. ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ಬಂದ ಎಂಟು ವರ್ಷದ ಮಗಳು ನಕ್ಷತ್ರ ಕೊಡುವುದಿಲ್ಲ. ಎರಡು ಸಲ ಡಿಸ್ಕ್ ಕಳೆದುಕೊಂಡು ಮತ್ತೆ ಬಾರದವರೂ ಕೊಡುವುದಿಲ್ಲ. ಡಿಸ್ಕ್ ತಲೆಯ ಪಕ್ಕ ಹಾದುಹೋದ ಮೇಲೆ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟ ಅಜ್ಜಿಯಂತೂ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಓಕ್ ಗ್ರೋವ್ ಈಗಿನ ದೊಡ್ಡ ಪಂದ್ಯಗಳ ಅಳತೆಗೆ ಚಿಕ್ಕದು. ನನಗೆ ಅದು ಕೊರತೆಯಾಗಿ ಕಾಣುವುದಿಲ್ಲ. ಹೊಸ ಡಿಸ್ಕ್‌ಗಳ ಕಾಲದಲ್ಲೂ ಮರದ ಕೊಂಬೆಗಳು ಅಲ್ಲಿ ಹುಡುಗರ ತೋಳಿಗೆ ಲಗಾಮು ಹಾಕುತ್ತವೆ. ಮನೆಯವರೆಲ್ಲ ಸೇರಿ ಆಡಬಹುದು.

ಹೊಸಬರಿಗೂ ಪಳಗಿದವರಿಗೂ ಒಂದೇ ಜಾಗದಲ್ಲಿ ಆಟ ಕೊಡುವ ಸರಳ ಉಪಾಯ ಎರಡು ಟೀ. ಪಿಡಿಜಿಎ ಆಟಗಾರರ ಮಟ್ಟಕ್ಕೆ ತಕ್ಕಂತೆ ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣಗಳ ಹೆಸರಿಟ್ಟಿದೆ. ಊರ ಪಾರ್ಕಿಗೆ ಕೆಂಪು ಮತ್ತು ನೀಲಿ ಸಾಕು. ಆದರೆ ಚಿಕ್ಕ ಟೀಯನ್ನು ಸುಮ್ನೆ ಮುಂದಕ್ಕೆ ತಂದು ಇಟ್ಟುಬಿಡುವುದಲ್ಲ. ನೀಲಿ ಟೀಯಿಂದ ಒಬ್ಬರಿಗೆ ಸಿಗುವ ಯೋಚನೆ, ಆಯ್ಕೆ, ತಿರುವು ಎಲ್ಲ ಕೆಂಪು ಟೀಯಿಂದ ಎಸೆಯುವವರಿಗೂ ಸಿಗಬೇಕು. ತಿರುವು ದಾಟಿದ ಮೇಲೆ ಟೀ ಹಾಕಿ "ಇದು ನಿಮಗೆ" ಅಂದರೆ ಆಟದ ತಿರುಳನ್ನೇ ಕಿತ್ತುಕೊಂಡ ಹಾಗೆ. ನನ್ನ ಹೆಂಡತಿ ಚಿಕ್ಕ ಟೀಯಿಂದಲೇ ಆಡುತ್ತಾಳೆ. ಅವಳ ಪ್ರಕಾರ ಬಹಳ ಕೋರ್ಸ್‌ಗಳಲ್ಲಿ ಕೆಂಪು ಟೀಗಳನ್ನು ಹಾಕಿದವರು ಅಲ್ಲಿ ನಿಂತು ಒಂದೇ ಒಂದು ಸಲವೂ ಎಸೆದಿಲ್ಲ. ಅವಳು ಹೇಳಿದ ಮೇಲೆ ನಾನೂ ಗಮನಿಸಿ ನೋಡಿದೆ. ಸರಿಯಾಗೇ ಹೇಳಿದ್ದಾಳೆ.

ಇಷ್ಟೆಲ್ಲ ಈಗ ಬರೆಯಲು ಕಾರಣ, ನಮ್ಮ ಊರಿನ ಒಂದು ಪಾರ್ಕಿನಲ್ಲಿ ಹೊಸ ಕೋರ್ಸ್ ಹಾಕುವ ಮಾತು ನಡೆಯುತ್ತಿದೆ. ನಕ್ಷೆ ತಯಾರಾಗಿದೆ. ಸಾರ್ವಜನಿಕರು ಅಭಿಪ್ರಾಯ ಬರೆದು ಕೊಡಬಹುದು. ನಕ್ಷೆಯಲ್ಲಿ ಹದಿನೆಂಟು ಹೋಲ್‌ಗಳಿವೆ. ಒಂದು ಹೋಲ್‌ಗೆ ಕಡಿಮೆಯೆಂದರೂ ಒಂದು ಎಕರೆ ಬೇಕು ಅನ್ನುವುದು ಈ ಕೆಲಸ ಬಲ್ಲವರ ಮಾತು. ಕಾಡಿದ್ದರೆ, ಇಳಿಜಾರಿದ್ದರೆ, ಬೇರೆ ಜನ ಓಡಾಡುವ ಜಾಗವಾದರೆ ಇನ್ನೂ ಜಾಸ್ತಿ. ನಮ್ಮ ಪಾರ್ಕಿನಲ್ಲಿ ಅಷ್ಟು ಜಾಗ ಇಲ್ಲ. ಹಾಗಾಗಿ ಎರಡು ಕಡೆ ಫೇರ್‌ವೇಗಳು ಒಂದನ್ನೊಂದು ದಾಟುತ್ತವೆ. ಒಂದು ಬಾಸ್ಕೆಟ್ ಮುಂದಿನ ಟೀಗೆ ತಾಗಿಕೊಂಡಂತೆ ಇದೆ. ಒಂದು ಟೀಯ ಬಲಕ್ಕೆ ಮಕ್ಕಳ ಆಟದ ಜಾಗ. ಹದಿನೆಂಟೇ ಯಾಕೆ ಬೇಕು ಅಂದರೆ ಗಾಲ್ಫ್‌ನಲ್ಲಿ ಹದಿನೆಂಟು ಇರುತ್ತದೆ ಅನ್ನುವುದು ಬಿಟ್ಟು ಬೇರೆ ಕಾರಣ ಸಿಗುವುದಿಲ್ಲ. ಆಟಗಾರರು ಅದನ್ನೇ ಕೇಳುತ್ತಾರೆ, ನನ್ನ ಗೆಳೆಯರೂ ಕೇಳುತ್ತಿದ್ದಾರೆ. ಒಂಬತ್ತು ಹೋಲ್ ಅಂದರೆ ಅರ್ಧ ಕೋರ್ಸ್ ಅನ್ನುವ ಭಾವನೆ ಅವರದು.

ನಾನು ಒಂಬತ್ತಕ್ಕೇ ಬರೆದಿದ್ದೇನೆ. ಒಂಬತ್ತು ಹೋಲ್, ಪ್ರತಿಯೊಂದಕ್ಕೂ ಎರಡು ಟೀ, ಬಾಸ್ಕೆಟ್ ನೆಡಲು ಎರಡು ಜಾಗ. ಎರಡು ಸುತ್ತು ಆಡಿದರೆ ಹದಿನೆಂಟಾಯಿತು, ಎರಡನೆಯ ಸುತ್ತು ಮೊದಲಿನ ಹಾಗೆ ಇರುವುದೂ ಇಲ್ಲ. ಹಳ್ಳದ ಪಕ್ಕದ ಮೂರು ಹೋಲ್‌ಗಳು ನಕ್ಷೆಯಲ್ಲಿ ನಿಜವಾಗಿಯೂ ಚೆನ್ನಾಗಿ ಬಂದಿವೆ. ಅವನ್ನು ಹಾಗೇ ಇಡಿ ಅಂದಿದ್ದೇನೆ. ಬೆಳಗಿನ ವಾಕಿಂಗ್ ದಾರಿಗೆ ಅಡ್ಡ ಬರುವುದನ್ನು ಪೂರ್ತಿ ಬಿಟ್ಟುಬಿಡಿ, ಮಕ್ಕಳ ಜಾಗದ ಪಕ್ಕದ ಟೀಯನ್ನು ತಿರುಗಿಸಿ, ಎಸೆತ ಆ ಕಡೆಯಿಂದ ದೂರ ಹೋಗುವ ಹಾಗೆ ಮಾಡಿ ಅಂತ ಕೇಳಿದ್ದೇನೆ. ನಕ್ಷೆಯ ಪ್ರತಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಪತ್ರದ ಜೊತೆ ಇಟ್ಟಿದ್ದೇನೆ. ಸಭೆ ಮುಂದಿನ ತಿಂಗಳು. ಗೆಳೆಯರಲ್ಲಿ ಇಬ್ಬರು ಒಪ್ಪಿದ್ದಾರೆ, ಉಳಿದವರ ಜೊತೆ ವಾದ ನಡೆದೇ ಇದೆ.